ದ್ರೋಹಶಬ್ದವಿಚಾರ

ಉಂಡ ಮನೆಗೆ ಎರಡು ಬಗೆಯಬಾರದೆಂಬ ನುಡಿಯು ಕನ್ನಡನಾಡಿನ ಎಲ್ಲ ಭಾಗಗಳಲ್ಲಿಯೂ ಬಳಕೆಯಲ್ಲಿರತಕ್ಕುದೇ ಆದರೂ, ಕುಂದಾಪುರ ಬೈಂದೂರು ಸೀಮೆಯ ಕಡಲಂಚಿನ ಊರುಗಳಲ್ಲಿ ಅದಕ್ಕೆ ಒಂದು ವಿಶೇಷವಾದ ಬಿಗಿಯುಂಟು. ಉಪ್ಪುಂದದ ಕಡೆಯ ಹಿರಿಯರು ಮನೆಯ ಮಕ್ಕಳಿಗೆ "ಉಂಡ್ ಮನಿಗ್ ಎರಡ್ ಬಗೂಕಾಗ" ಎಂದು ಹೇಳುವಾಗ ಅದು ನೀತಿಬೋಧೆಯಂತೆ ಕೇಳಿಸುವುದಿಲ್ಲ. ಬಾವಿಯ ದಂಡೆಯ ಮೇಲೆ ಕುಳಿತುಕೊಳ್ಳಬೇಡವೆಂದು ಎಚ್ಚರಿಸುವ ದನಿಯಲ್ಲಿಯೇ ಅದೂ ಬರುತ್ತದೆ. ಊರಿನ ಹೆಸರನ್ನು ಸ್ವಲ್ಪ ಎಳೆದು ಉಚ್ಚರಿಸಿದರೆ ‘ಉಪ್ಪುಂಡ’ ಎಂದು ಕಿವಿಗೆ ಬೀಳುವುದುಂಟು. ಇದು ಕಿವಿಯ ವಿನೋದವೇ ಹೊರತು ಶಾಸ್ತ್ರವಲ್ಲ. ಊರಹೆಸರುಗಳ ಮೂಲವನ್ನು ಹೀಗೆ ಸದ್ದಿನ ಬಲದಿಂದ ತೀರ್ಮಾನಿಸುವ ಚಾಳಿ ಈಗಾಗಲೇ ಬೇಕಾದಷ್ಟಿದೆ. ಆದರೂ ಉಪ್ಪುಂಡವರ ಕರ್ತವ್ಯವೇನು, ಉಪ್ಪಿಟ್ಟವರ ಹಕ್ಕೇನು ಎಂಬ ವಿಚಾರವನ್ನು ಇಂತಹ ಊರಿನ ನೆರಳಿನಲ್ಲಿ ಪ್ರಾರಂಭಿಸುವುದು ಅಯುಕ್ತವೆನಿಸದು.

ಉಪ್ಪಿಟ್ಟವರನ್ನು ಮುಪ್ಪಿನವರೆಗೆ ನೆನೆಯಬೇಕೆಂದು ಗಾದೆ ವಿಧಿಸುತ್ತದೆ. ಹಾಗೆ ನೆನೆಯದವನನ್ನು ಕೃತಘ್ನನೆನ್ನುತ್ತಾರೆ. ನೆನೆಯದಿರುವುದಷ್ಟೇ ಅಲ್ಲದೆ ತಿರುಗಿ ಕೇಡು ಬಗೆದವನನ್ನು ದ್ರೋಹಿಯೆನ್ನುತ್ತಾರೆ. ಕನ್ನಡದಲ್ಲಿ ಬೈಗುಳಗಳಿಗೆ ಬಡತನವಿಲ್ಲ. ಕಳ್ಳ, ಸುಳ್ಳ, ಕ್ರೂರಿ, ಲಂಪಟ ಎಂಬಿವೆಲ್ಲ ಒಬ್ಬನ ಗುಣವನ್ನು ಹೇಳುವ ಮಾತುಗಳು; ಅವನು ಒಬ್ಬನೇ ಕಾಡಿನಲ್ಲಿದ್ದರೂ ಅವು ಅವನಿಗೆ ಅಂಟಿಕೊಂಡೇ ಇರಬಲ್ಲವು. ದ್ರೋಹಿಯೆಂಬ ಮಾತು ಹಾಗಲ್ಲ. ಅದನ್ನು ಕೇಳಿದ ಕೂಡಲೆ "ಯಾರಿಗೆ?" ಎಂಬ ಪ್ರಶ್ನೆ ಹುಟ್ಟುತ್ತದೆ. ಶತ್ರುವು ಎಷ್ಟೇ ಹಾನಿ ಮಾಡಲಿ, ಅವನು ದ್ರೋಹಿಯಾಗಲಾರನು. ಬಾಗಿಲೊಳಗೆ ಬಂದವನೇ ಆ ಹೆಸರಿಗೆ ಪಾತ್ರನು. ಹೀಗೆ ಇಬ್ಬರ ನಡುವೆ ಮಾತ್ರ ಜೀವಿಸುವ ಈ ಶಬ್ದವನ್ನು ಸಾಮಾನ್ಯವಾಗಿ ಆ ಇಬ್ಬರಲ್ಲಿ ಒಬ್ಬನೇ ಉಚ್ಚರಿಸುತ್ತಾನೆಂಬುದು ವಿಚಾರಕ್ಕೆ ಯೋಗ್ಯವಾದ ಸಂಗತಿ.

ಸಂಸ್ಕೃತದಲ್ಲಿ ಇದು ‘ದ್ರುಹ್’ ಎಂಬ ಧಾತುವಿನಿಂದ ಹುಟ್ಟಿದುದು. ಧಾತುಪಾಠವು ಇದಕ್ಕೆ ‘ಜಿಘಾಂಸೆ’ ಎಂದರೆ ಕೊಲ್ಲಬೇಕೆಂಬ ಇಚ್ಛೆ ಎಂಬರ್ಥವನ್ನು ಕೊಟ್ಟಿದೆ. ಕೊಲೆಯಲ್ಲ, ಕೊಲ್ಲುವ ಇಚ್ಛೆ ಎಂಬುದನ್ನು ವಾಚಕರು ಗಮನಿಸಬೇಕು. ಕೈ ಆಡುವ ಮೊದಲೇ ದ್ರೋಹವು ನಡೆದುಹೋಗಿರುತ್ತದೆಂಬ ಭಾವ ಇದರಲ್ಲಿ ಅಡಗಿದೆ. ಕನ್ನಡಿಗರು ‘ದ್ರೋಹ ಮಾಡಿದ’ ಎನ್ನುವಂತೆಯೇ ‘ದ್ರೋಹ ಬಗೆದ’ ಎಂದೂ ಹೇಳುವುದುಂಟಷ್ಟೆ. ಕಳವು ಬಗೆದ, ಕೊಲೆ ಬಗೆದ ಎಂದು ಯಾರೂ ಹೇಳರು. ಧಾತುಪಾಠವನ್ನು ಕಣ್ಣಿನಿಂದ ಕಾಣದ ರೈತನ ಬಾಯಲ್ಲಿಯೂ ಶಬ್ದದ ಮೂಲಾರ್ಥವು ಹೀಗೆ ಉಳಿದುಬಂದಿರುವುದು ಆಶ್ಚರ್ಯಕರ.

ಪಾಣಿನಿಯ ಅಷ್ಟಾಧ್ಯಾಯಿಯ ಒಂದನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ ಕಾರಕಪ್ರಕರಣವಿದೆ. ಕ್ರೋಧ, ದ್ರೋಹ, ಈರ್ಷ್ಯೆ, ಅಸೂಯೆ ಎಂಬ ನಾಲ್ಕರ ಅರ್ಥವುಳ್ಳ ಧಾತುಗಳ ಯೋಗದಲ್ಲಿ ಯಾರ ಮೇಲೆ ಕೋಪವೋ ಅವನಿಗೆ ಸಂಪ್ರದಾನವೆಂಬ ಸಂಜ್ಞೆಯನ್ನು ಅಲ್ಲಿ ವಿಧಿಸಿದೆ. ಸಂಪ್ರದಾನವೆಂದರೆ ದಾನವನ್ನು ಸ್ವೀಕರಿಸುವವನು. ಬ್ರಾಹ್ಮಣನಿಗೆ ಗೋವನ್ನು ಕೊಟ್ಟನೆಂಬಲ್ಲಿ ಬ್ರಾಹ್ಮಣನಿಗೆ ಯಾವ ವಿಭಕ್ತಿಯೋ, ದೇವದತ್ತನಿಗೆ ದ್ರೋಹವೆಸಗಿದನೆಂಬಲ್ಲಿ ದೇವದತ್ತನಿಗೂ ಅದೇ ಚತುರ್ಥಿ. ಹೊಡೆತ ತಿಂದವನು ಕರ್ಮವಾಗುತ್ತಾನೆ, ದ್ವಿತೀಯೆ ಬರುತ್ತದೆ. ದ್ರೋಹಕ್ಕೊಳಗಾದವನು ಮಾತ್ರ ದಾನ ಪಡೆದವನ ಸಾಲಿನಲ್ಲಿ ಬಂದು ನಿಲ್ಲುತ್ತಾನೆ. ಕನ್ನಡವೂ ಇದನ್ನೇ ಅನುಸರಿಸಿದೆ: ಅವನನ್ನು ಹೊಡೆದ, ಅವನನ್ನು ಕೊಂದ, ಆದರೆ ಅವನಿಗೆ ದ್ರೋಹ ಮಾಡಿದ. ಉಪಸರ್ಗ ಸೇರಿದಾಗ ದ್ವಿತೀಯೆ ಬರುವುದೆಂದು ಮುಂದಿನ ಸೂತ್ರವು ಹೇಳುತ್ತದೆ. ಅದು ಪ್ರಕೃತಕ್ಕೆ ಬೇಡ. ವೈಯಾಕರಣರು ನೀತಿಯನ್ನು ಉಪದೇಶಿಸಲು ಹೊರಟವರಲ್ಲ. ಆದರೂ ಕೊಡುವ ಕೈ ಮತ್ತು ಕೆಡಿಸುವ ಕೈ ಒಂದೇ ದಾರಿಯಲ್ಲಿ ಚಾಚುತ್ತವೆಂಬುದನ್ನು ಭಾಷೆಯ ನಡೆಯಿಂದ ಅವರು ಕಂಡುಕೊಂಡಿದ್ದರು. ಕಾಶಿಕಾವೃತ್ತಿಯು ಇದೇ ಸೂತ್ರದ ಮೇಲೆ ನಾಲ್ಕನ್ನೂ ಬೇರ್ಪಡಿಸಿ, ಸಹಿಸದಿರುವುದು ಕ್ರೋಧವೆಂತಲೂ ಅಪಕಾರವು ದ್ರೋಹವೆಂತಲೂ ಗುಣದಲ್ಲಿ ದೋಷವನ್ನು ಹೊರಗೆಳೆಯುವುದು ಅಸೂಯೆಯೆಂತಲೂ ವಿವರಿಸುತ್ತದೆ. ಉಪಕಾರ, ಅಪಕಾರ ಎಂಬ ಜೋಡಿಯಲ್ಲಿ ಮತ್ತೆ ಅದೇ ಕೊಡುಕೊಳ್ಳುವಿಕೆಯ ನೆರಳು ಕಾಣುತ್ತದೆ.

ಇದಕ್ಕೂ ಹಿಂದೆ ಹೋದರೆ ಋಗ್ವೇದದಲ್ಲಿ ‘ದ್ರುಹ್’ ಎಂಬುದು ಬರಿಯ ಕ್ರಿಯೆಯಲ್ಲ, ಒಂದು ದುಷ್ಟಶಕ್ತಿಯ ಹೆಸರು. ಆದಿತ್ಯರೇ ಮೊದಲಾದ ದೇವತೆಗಳು ‘ಅದ್ರುಹ’ರೆನಿಸಿಕೊಳ್ಳುತ್ತಾರೆ. ಅಲ್ಲಿಂದ ಪಡುವಣಕ್ಕೆ ಇರಾನಿನ ಪ್ರಾಚೀನ ಭಾಷೆಗಳಿಗೆ ದಾಟಿದರೆ ಅದೇ ಮೂಲದ ‘ದ್ರುಜ್’ ಎಂಬ ಶಬ್ದಕ್ಕೆ ಸುಳ್ಳು ಎಂಬರ್ಥವಿದೆ. ಸಂಸ್ಕೃತದ ‘ಮಿತ್ರದ್ರುಹ್’ ಎಂಬ ಸಮಾಸಕ್ಕೆ ಅಕ್ಷರಕ್ಕಕ್ಷರ ಸಮನಾದ ‘ಮಿಥ್ರೋದ್ರುಜ್’ ಎಂಬ ಮಾತು ಅವೆಸ್ತಾದಲ್ಲಿದೆ. ಒಪ್ಪಂದದ ದೇವತೆಯಾದ ಮಿಥ್ರನಿಗೆ ಸುಳ್ಳಾಡಿದವನು, ಕೊಟ್ಟ ಮಾತನ್ನು ಮುರಿದವನು ಎಂದು ಅದರ ತಾತ್ಪರ್ಯ. ಕ್ರಿಸ್ತಪೂರ್ವ ಆರನೆಯ ಶತಮಾನದ ಕೊನೆಗೆ ಪಾರಸಿಕ ಚಕ್ರವರ್ತಿ ದಾರಯವಹುವು ಬೆಹಿಸ್ತೂನಿನ ಬಂಡೆಯ ಮೇಲೆ ಬರೆಸಿದ ಶಾಸನದಲ್ಲಿ ತನ್ನ ವಿರುದ್ಧ ದಂಗೆಯೆದ್ದವರೆಲ್ಲರೂ ‘ದ್ರೌಗ’ಕ್ಕೆ, ಎಂದರೆ ಸುಳ್ಳಿಗೆ, ವಶರಾದರೆಂದು ದೂರಿದ್ದಾನೆ. ಜರ್ಮನ್ ಭಾಷೆಯಲ್ಲಿ ವಂಚನೆಗೆ ಹೇಳುವ ‘ಬೆಟ್ರೂಗ್’ ಕೂಡ ಇದೇ ಬಳಗದ್ದೆಂದು ಭಾಷಾಶಾಸ್ತ್ರಜ್ಞರ ಮತ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1894ರಲ್ಲಿ ಹೊರಬಂದ ಕನ್ನಡ ನಿಘಂಟಿಗೆ ಬಾಳನ್ನೇ ಸವೆಸಿದ ಕಿಟ್ಟೆಲರಿಗೆ ದ್ರೋಹವೆಂಬ ಶಬ್ದದ ಕೆಳಗೆ ಲೇಖನಿ ನಿಂತಾಗ ತಾಯ್ನುಡಿಯ ದಾಯಾದಿಯೊಬ್ಬನು ಎದುರಾದಂತೆ ತೋರಿದ್ದರೆ ಸೋಜಿಗವೇನಿಲ್ಲ.

ಹೀಗೆ ಒಂದೇ ಬೇರಿನಿಂದ ಎರಡು ಕೊಂಬೆಗಳು ಹೊರಟವು. ಪಡುವಣ ಕೊಂಬೆ ಸುಳ್ಳಿನ ಕಡೆಗೂ ಮೂಡಣ ಕೊಂಬೆ ಹಿಂಸೆಯ ಕಡೆಗೂ ಬಾಗಿತು. ಸುಳ್ಳಿಲ್ಲದ ಹಿಂಸೆ ಯುದ್ಧವಾಗುತ್ತದೆ, ಹಿಂಸೆಯಿಲ್ಲದ ಸುಳ್ಳು ವಿನೋದವೂ ಆಗಬಹುದು. ಎರಡೂ ಕೂಡಿದಲ್ಲಿಯೇ ಲೋಕವು ದ್ರೋಹವೆಂದು ಗುರುತಿಸುವ ವಸ್ತು ಇದೆ.

ಅಚ್ಚಗನ್ನಡದಲ್ಲಿ ಈ ಭಾವಕ್ಕೆ ಒಂದೇ ಶಬ್ದವಿಲ್ಲವೆಂದು ಕೆಲವರು ಕೊರಗುವುದುಂಟು. ಆ ಕೊರಗಿಗೆ ಕಾರಣವಿಲ್ಲ. ‘ಎರಡು ಬಗೆ’ ಎಂಬ ನುಡಿಗಟ್ಟು ಸಂಸ್ಕೃತದ ಶಬ್ದಕ್ಕಿಂತಲೂ ಒಂದು ಹೆಜ್ಜೆ ಒಳಗೆ ಹೋಗಿದೆ. ಬಗೆಯೆಂದರೆ ಎಣಿಸು, ಮನಸ್ಸಿನಲ್ಲಿ ಭಾವಿಸು. ಎರಡು ಬಗೆಯುವುದೆಂದರೆ ಒಂದೇ ಎದೆಯಲ್ಲಿ ಎರಡು ಎಣಿಕೆಗಳನ್ನಿಟ್ಟುಕೊಳ್ಳುವುದು: ಉಣ್ಣುವವನಿಗೆ ಒಂದು, ಉಂಡು ಹೊರಡುವವನಿಗೆ ಮತ್ತೊಂದು. ಬಗೆಯೆಂಬುದಕ್ಕೆ ತೋಡು, ಸೀಳು ಎಂಬ ಬೇರೊಂದು ಅರ್ಥವೂ ಇರುವುದರಿಂದ ಮನೆಯನ್ನು ಎರಡಾಗಿ ಸೀಳುವವನೆಂದು ಅರ್ಥಮಾಡುವವರೂ ಇದ್ದಾರೆ. ಮನೆಯನ್ನು ಸೀಳುವವನು ಮೊದಲು ತನ್ನನ್ನೇ ಸೀಳಿಕೊಂಡಿರಬೇಕಾದುದರಿಂದ ಎರಡೂ ಅರ್ಥಗಳಿಗೆ ಜಗಳವಿಲ್ಲ. ಉಂಡ ಮನೆಯ ಜಂತೆ ಎಣಿಸುವವನೆಂಬ ಮಾತನ್ನೂ ಇದರ ಪಕ್ಕದಲ್ಲಿಡಬಹುದು. ಜಂತೆಯನ್ನು ಎಣಿಸುವುದರಿಂದ ಯಾರಿಗೂ ನಷ್ಟವಿಲ್ಲ; ಒಂದು ಜಂತೆಯೂ ಕೆಳಗೆ ಬೀಳುವುದಿಲ್ಲ. ಆದರೆ ಎಲೆಯ ಮುಂದೆ ಕುಳಿತವನ ಕಣ್ಣು ಅನ್ನವನ್ನು ಬಿಟ್ಟು ಮಾಡಿಗೆ ಹೋಯಿತಲ್ಲ, ಅಲ್ಲಿಯೇ ಅಪರಾಧ. ದ್ರೋಹವು ಇಚ್ಛೆಯಲ್ಲಿದೆಯೆಂದ ಧಾತುಪಾಠಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯ ದೊರೆಯದು.

ಎರಡನೆಯ ಅಚ್ಚಗನ್ನಡ ಮಾತು ‘ತಪ್ಪು’ ಎಂಬುದು. ವಿಜಯನಗರದ ಅರಸರ ಬಿರುದಾವಳಿಯಲ್ಲಿ ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬುದು ಪ್ರಸಿದ್ಧವಾದುದು. ಆ ಅರಸರ ರಾಜ್ಯಗಳಲ್ಲಿ ಒಂದಕ್ಕೆ ರಾಜಧಾನಿಯಾಗಿದ್ದ ಬಾರಕೂರು ಇಂದಿನ ಬ್ರಹ್ಮಾವರ ತಾಲ್ಲೂಕಿನಲ್ಲಿದೆ. ಇಲ್ಲಿಯೂ ಚತುರ್ಥಿಯೇ: ಭಾಷೆಗೆ ತಪ್ಪುವುದು. ಕೊಟ್ಟ ಮಾತು ಒಂದು ದಾರಿ, ಅದರಿಂದ ಆಚೆ ಕಾಲಿಟ್ಟವನು ತಪ್ಪಿದವನು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನಿಗೆ ‘ದ್ರೋಹಘರಟ್ಟ’ ಎಂಬ ಬಿರುದಿತ್ತು. ಘರಟ್ಟವೆಂದರೆ ಬೀಸುವ ಕಲ್ಲು. ದ್ರೋಹಿಗಳನ್ನು ಹಿಟ್ಟುಮಾಡುವವನೆಂದು ಭಾವ. ಗಂಗರಾಜನ ಮಗನಾದ ಬೊಪ್ಪನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದಾಗ ಅದಕ್ಕೆ ‘ದ್ರೋಹಘರಟ್ಟ ಜಿನಾಲಯ’ ಎಂಬ ಹೆಸರೇ ನಿಂತಿತು. ಇರುವೆಯನ್ನು ತುಳಿಯಲೂ ಅಂಜುವ ಧರ್ಮದ ದೇಗುಲಕ್ಕೆ ಮನುಷ್ಯರನ್ನು ಅರೆಯುವ ಕಲ್ಲಿನ ಹೆಸರು! ಅಹಿಂಸೆಗೂ ಈ ಒಂದು ಪಾಪದ ಎದುರಿನಲ್ಲಿ ವಿನಾಯಿತಿಯುಂಟೆಂದು ಆ ಕಾಲದವರು ಭಾವಿಸಿದ್ದರೋ, ಅಥವಾ ಬಿರುದುಗಳನ್ನು ಯಾರೂ ಅಕ್ಷರಶಃ ಎಣಿಸುತ್ತಿರಲಿಲ್ಲವೋ, ಸಹೃದಯರೇ ವಿಚಾರಿಸಬೇಕು.

ಪಂಪನ ಕಾಲದಿಂದಲೂ ‘ಜೋಳದ ಪಾಳಿ’ ಎಂಬ ಮಾತು ಸಾಹಿತ್ಯದಲ್ಲಿದೆ. ಶಾಸನಗಳು ಇದನ್ನು ಜೋಳವಾಳಿಯೆಂದೂ ಕರೆಯುತ್ತವೆ. ಒಡೆಯನ ಜೋಳವನ್ನುಂಡ ಋಣಕ್ಕಾಗಿ ಯುದ್ಧದಲ್ಲಿ ಪ್ರಾಣವನ್ನು ತೆತ್ತು ಸಾಲ ತೀರಿಸುವುದೇ ಅದರ ಅರ್ಥ. ಬಯಲುಸೀಮೆಯ ಜೋಳ, ಕರಾವಳಿಯ ಉಪ್ಪು ಗಂಜಿ, ಮುಸಲ್ಮಾನ ದರಬಾರುಗಳ ನಮಕ್ ಎಲ್ಲವೂ ಒಂದೇ ನಾಣ್ಯದ ಬೇರೆ ಬೇರೆ ಅಚ್ಚುಗಳು. ನಮಕ್‌ಹರಾಮನೆಂಬ ಪಾರಸಿ ಬೈಗುಳವು ಕನ್ನಡದ ಪೇಟೆಯಲ್ಲಿ ಇಂದಿಗೂ ಸುಂಕವಿಲ್ಲದೆ ಓಡಾಡುತ್ತಿದೆ. ಯುರೋಪಿನ ಶಬ್ದ ಮಾತ್ರ ಬೇರೆ ದಾರಿ ಹಿಡಿಯಿತು. ಲ್ಯಾಟಿನ್ನಿನ ‘ತ್ರಾದೆರೆ’ ಎಂದರೆ ಕೈದಾಟಿಸು, ಒಪ್ಪಿಸು. ಅದರಿಂದಲೇ ದ್ರೋಹಿಗೆ ಹೇಳುವ ‘ಟ್ರೇಟರ್’ ಬಂದಿತು. ಅದರಿಂದಲೇ ಪರಂಪರೆಗೆ ಹೇಳುವ ‘ಟ್ರಡಿಶನ್’ ಕೂಡ ಬಂದಿತು. ತಂದೆ ಮಗನಿಗೆ ಒಪ್ಪಿಸಿದರೆ ಸಂಪ್ರದಾಯ, ಶಿಷ್ಯ ಗುರುವನ್ನು ಶತ್ರುವಿಗೆ ಒಪ್ಪಿಸಿದರೆ ದ್ರೋಹ. ಕನ್ನಡ ಬೈಬಲಿನಲ್ಲಿ ಯೂದನ ಕೃತ್ಯಕ್ಕೆ ‘ಹಿಡಿದುಕೊಡು’ ಎಂಬ ಮಾತನ್ನು ಬಳಸಿದುದು ಬಹಳ ಬಲ್ಲವರ ಕೆಲಸ. ಕೈಯಿಂದ ಕೈಗೆ ದಾಟಿದ ಆ ಮೂಲದ ಭಾವವು ಅದರಲ್ಲಿ ಹಾಗೆಯೇ ಇಳಿದುಬಂದಿದೆ. ವಿಶ್ವಾಸಘಾತವೆಂಬ ಶಬ್ದದ ವಿಚಾರವನ್ನೂ ಇಲ್ಲಿಯೇ ಒಂದು ಮಾತಿನಲ್ಲಿ ಹೇಳಿಬಿಡಬಹುದು. ‘ಶ್ವಸ್’ ಎಂದರೆ ಉಸಿರಾಡು. ನಿರ್ಭಯನಾಗಿ, ನಿರಾಳವಾಗಿ ಉಸಿರುಬಿಡುವುದೇ ವಿಶ್ವಾಸ. ಅಂಥ ಉಸಿರಿಗೆ ಬಿದ್ದ ಏಟು ವಿಶ್ವಾಸಘಾತ.

ಶಬ್ದದ ಜಾತಕ ಇಷ್ಟಾಯಿತು. ಇನ್ನು ಕುಂದಾಪುರದ ಮಣ್ಣಿನಲ್ಲಿಯೇ ನಡೆದ ಒಂದು ಸಂಗತಿಯ ಮೇಲೆ ಇದನ್ನು ಒರೆಹಚ್ಚಿ ನೋಡಬೇಕು. 1782ರ ಡಿಸೆಂಬರ್ 7ರಂದು ಹೈದರಾಲಿಯು ತೀರಿಕೊಂಡನು. ಮುಂದಿನ ತಿಂಗಳಲ್ಲಿಯೇ, ಎಂದರೆ 1783ರ ಜನವರಿಯಲ್ಲಿ, ಮುಂಬಯಿಯ ಇಂಗ್ಲಿಷ್ ಸೇನಾಪತಿ ಜನರಲ್ ಮ್ಯಾಥ್ಯೂಸನು ಹೊನ್ನಾವರವನ್ನೂ ಕುಂದಾಪುರವನ್ನೂ ಹಿಡಿದು, ಹೊಸಂಗಡಿಯ ಘಾಟಿಯನ್ನು ಹತ್ತಿ ಬಿದನೂರಿನ ಮೇಲೆ ಬಂದನು. ಕೆಳದಿಯ ನಾಯಕರಿಂದ ಹೈದರನು 1763ರಲ್ಲಿ ಕಸಿದುಕೊಂಡು ನಗರವೆಂದು ಹೆಸರಿಟ್ಟ ಆ ಊರಿನ ಅಧಿಕಾರಿಯಾಗಿದ್ದವನು ಶೇಖ್ ಅಯಾಜ್. ಇಂಗ್ಲಿಷರ ಕಾಗದಗಳಲ್ಲಿ ಇವನೇ ಹಯಾತ್ ಸಾಹೇಬ. ಕಲ್ಲು, ಕಾಡು, ಕೋಟೆ, ಕೋಶ ಎಲ್ಲವೂ ಅವನ ಕೈಯಲ್ಲಿದ್ದವು. ಆದರೂ ಅವನು ಕಾದಲಿಲ್ಲ. ನಗರವನ್ನು ಇಂಗ್ಲಿಷರಿಗೆ ಒಪ್ಪಿಸಿಬಿಟ್ಟನು. ಹೈದರನ ಉಪ್ಪಿನಲ್ಲಿ ಬೆಳೆದವನು ಹೈದರನ ಮಗನ ಮನೆಗೆ ಎರಡು ಬಗೆದನೆಂಬುದು ಮೈಸೂರಿನ ಕಡೆಯವರ ತೀರ್ಪು. ಹಿಡಿದುಕೊಟ್ಟನೆಂಬ ಮಾತಿಗೆ ಇಷ್ಟು ಸರಿಹೊಂದುವ ಉದಾಹರಣೆ ಬೇರೆ ಬೇಕೆ?

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ವಿಲ್ಕ್ಸನು ಬರೆದ ಮೈಸೂರಿನ ಇತಿಹಾಸದ ಪ್ರಕಾರ ಅಯಾಜನು ಮಲೆಯಾಳದ ನಾಯರ್ ಹುಡುಗ. ಹೈದರನ ದಂಡಯಾತ್ರೆಯಲ್ಲಿ ಸೆರೆಸಿಕ್ಕಿ, ಮತಾಂತರಗೊಂಡು, ಒಡೆಯನ ಮೆಚ್ಚುಗೆಯಿಂದ ಮೇಲಕ್ಕೇರಿದವನು. ಹೈದರನು ಇವನನ್ನು ಹೊಗಳಿ ತನ್ನ ಮಗನನ್ನು ಹಳಿಯುತ್ತಿದ್ದನಾಗಿ ಟೀಪುವಿಗೆ ಇವನ ಮೇಲೆ ಹಗೆ ಬೆಳೆದಿತ್ತು. ತಂದೆ ತೀರಿದ ಮೇಲೆ ಇವನನ್ನು ಮುಗಿಸಬೇಕೆಂಬ ಆಜ್ಞಾಪತ್ರವು ನಗರಕ್ಕೆ ಬಂದು, ಅದು ಇವನ ಕೈಗೇ ಸಿಕ್ಕಿತೆಂದು ವಿಲ್ಕ್ಸನು ಹೇಳುತ್ತಾನೆ. ವಿಲ್ಕ್ಸನು ಇಂಗ್ಲಿಷರವನು, ಅವನ ಮಾತನ್ನು ತುಸು ಕಳೆದುಕೊಂಡೇ ಓದುವುದು ಲೇಸು. ಕಳೆದುಕೊಂಡು ಉಳಿದಷ್ಟೂ ಸಾಕಾಗುತ್ತದೆ. ಒಬ್ಬ ಹುಡುಗನನ್ನು ಅವನ ತಾಯಿಯ ಒಲೆಯ ಮುಂದಿನಿಂದ ಎಳೆದುತಂದು, ಬೇರೊಂದು ಒಲೆಯ ಉಪ್ಪನ್ನು ಅವನ ಬಾಯಿಗಿಟ್ಟು, ಇನ್ನು ಮುಂದೆ ನೀನು ಋಣಿಯೆಂದು ಹೇಳಬಹುದೆ? ಅಷ್ಟರಿಂದಲೂ ಋಣ ಹುಟ್ಟುವುದೆಂದೇ ಇಟ್ಟುಕೊಂಡರೂ, ಕೊರಳಿಗೆ ಕತ್ತಿ ಮಸೆದಾದ ಮೇಲೆ ಅದು ಉಳಿಯುವುದೆ? ನಿರಾಳವಾಗಿ ಉಸಿರಾಡುವುದೇ ವಿಶ್ವಾಸವಾದರೆ, ಆ ಪತ್ರವನ್ನು ಓದಿಸಿ ಕೇಳಿದ ರಾತ್ರಿ ಅಯಾಜನಿಗೆ ಉಸಿರು ಎಲ್ಲಿತ್ತು? ಇಷ್ಟನ್ನು ಹೇಳಿದ ಮೇಲೆಯೂ ಒಂದು ಮಾತು ಮಿಕ್ಕುತ್ತದೆ. ಅವನ ಕೋಟೆಯೊಳಗೆ ಅವನನ್ನು ನಂಬಿದ ಸಾವಿರಾರು ಜನ ಸಿಪಾಯಿಗಳೂ ಪೇಟೆಯವರೂ ಇದ್ದರು; ಅವರಿಗೆ ಯಾವ ಪತ್ರವೂ ಬಂದಿರಲಿಲ್ಲ. ಟೀಪುವಿಗೆ ಅವನು ದ್ರೋಹಿಯಲ್ಲದಿದ್ದರೂ ಅವರಿಗೆ ದ್ರೋಹಿಯಾಗಿರಬಹುದು. "ಯಾರಿಗೆ?" ಎಂಬ ಚತುರ್ಥಿಯ ಪ್ರಶ್ನೆಯನ್ನು ಬಿಟ್ಟು ಈ ಶಬ್ದವನ್ನು ಬಳಸಿದರೆ ಹೀಗೆಯೇ ಎಡವಬೇಕಾಗುತ್ತದೆ.

ಮ್ಯಾಥ್ಯೂಸನ ಗತಿಯನ್ನೂ ಹೇಳದೆ ಬಿಡಲಾಗದು. ನಗರದ ಭಂಡಾರದ ಹಣಕ್ಕಾಗಿ ಇಂಗ್ಲಿಷರು ತಮ್ಮತಮ್ಮೊಳಗೆ ಕಚ್ಚಾಡಿದರು. ಮೂರು ತಿಂಗಳಲ್ಲಿ ಟೀಪುವು ದೊಡ್ಡ ಸೈನ್ಯದೊಡನೆ ಬಂದು ಮುತ್ತಿದಾಗ, 1783ರ ಏಪ್ರಿಲ್ ಕೊನೆಗೆ ಅವರು ಕರಾರಿನ ಮೇಲೆ ಶರಣಾದರು. ಭಂಡಾರವನ್ನು ದೋಚಿ ಕರಾರನ್ನು ಮುರಿದವರು ನೀವೇ ಎಂದು ಟೀಪುವು ಅವರಿಗೆ ಬೇಡಿ ಹಾಕಿಸಿದನು; ಕರಾರನ್ನು ಮುರಿದವನು ಟೀಪುವೇ ಎಂದು ಅವರು ಕೂಗಿಕೊಂಡರು. ಮ್ಯಾಥ್ಯೂಸನು ಸೆರೆಯಲ್ಲಿಯೇ ಸತ್ತನು. ಒಂದೇ ಕೋಟೆಯಲ್ಲಿ, ನಾಲ್ಕು ತಿಂಗಳೊಳಗೆ, ದ್ರೋಹವೆಂಬ ಶಬ್ದವು ಮೂರು ಬಾಯಿಗಳಿಂದ ಮೂರು ದಿಕ್ಕಿಗೆ ಹಾರಿತು.

ಕರಾವಳಿಯವರಿಗೆ ಈ ಬಗೆಯ ತರ್ಕವೇನೂ ಹೊಸದಲ್ಲ. ಮಳೆಗಾಲದ ರಾತ್ರಿಗಳಲ್ಲಿ ನಡೆಯುವ ತಾಳಮದ್ದಳೆಯ ಕೂಟಗಳಲ್ಲಿ ವಿಭೀಷಣನೂ ಭೀಷ್ಮನೂ ಕರ್ಣನೂ ಇದೇ ಕಟಕಟೆಯಲ್ಲಿ ನಿಂತು ಬೆಳಗಿನವರೆಗೆ ವಾದಿಸಿದ್ದಾರೆ. ರಾವಣನ ಅರ್ಥಧಾರಿಯು ತಮ್ಮನನ್ನು ಕುಲದ್ರೋಹಿಯೆಂದು ಜರೆಯುವಾಗ ಸಭೆಯಲ್ಲಿ ತಲೆದೂಗದವರು ಕಡಮೆ. ವಿಭೀಷಣನು ಉತ್ತರಿಸಿದಾಗಲೂ ಅವೇ ತಲೆಗಳು ತೂಗುತ್ತವೆ. ಇಲ್ಲಿ ಕನ್ನಡದ ನುಡಿಗಟ್ಟನ್ನು ಅಳತೆಗೋಲಾಗಿ ಹಿಡಿದರೆ ಒಂದು ವಿಶೇಷ ಕಾಣುತ್ತದೆ. ವಿಭೀಷಣನು ಲಂಕೆಯನ್ನು ಬಿಟ್ಟದ್ದು ನಿಜ. ಆದರೆ ತನ್ನ ಮನಸ್ಸಿನಲ್ಲಿದ್ದುದನ್ನು ಅಣ್ಣನ ಎದುರಿನಲ್ಲಿ, ತುಂಬಿದ ಸಭೆಯಲ್ಲಿ ಹೇಳಿ, ಅವಮಾನಿತನಾಗಿ, ಹಗಲಿನಲ್ಲಿ ಎಲ್ಲರಿಗೂ ಕಾಣುವಂತೆ ಹೊರಟನು. ಅವನ ಬಗೆ ಒಂದೇ ಆಗಿತ್ತು. ಭೀಷ್ಮನಾದರೋ ಕೌರವನ ಪಕ್ಷವನ್ನು ಬಿಡಲಿಲ್ಲ; ಮನುಷ್ಯನು ಅರ್ಥಕ್ಕೆ ದಾಸನೆಂದು ಧರ್ಮರಾಯನ ಮುಂದೆ ತಾನೇ ಒಪ್ಪಿಕೊಂಡು, ಉಂಡ ಋಣಕ್ಕಾಗಿ ಅಲ್ಲಿಯೇ ನಿಂತನು. ಲೋಕವು ಅವನನ್ನು ನಿಷ್ಠೆಗೆ ಮಾದರಿಯೆಂದು ಹೊಗಳಿತು. ಆದರೆ ಸೇನಾಪತಿಯಾಗಿದ್ದುಕೊಂಡೇ ತನ್ನನ್ನು ಕೆಡಹುವ ಉಪಾಯವನ್ನು ಎದುರಾಳಿಗಳಿಗೆ ಹೇಳಿಕೊಟ್ಟವನು ಯಾರು? ದೇಹ ಒಂದು ಪಾಳೆಯದಲ್ಲಿ, ಹರಕೆ ಇನ್ನೊಂದು ಪಾಳೆಯದಲ್ಲಿ. ಬಿಟ್ಟುಹೋದವನಲ್ಲಿ ಒಂದು ಬಗೆ, ಬಿಡದೆ ನಿಂತವನಲ್ಲಿ ಎರಡು ಬಗೆ! ಪಿತಾಮಹನನ್ನು ದ್ರೋಹಿಯೆನ್ನುವ ಧಾರ್ಷ್ಟ್ಯ ಯಾರಿಗೂ ಬೇಡ. ಆದರೆ ಮನೆಯನ್ನು ಬಿಟ್ಟದ್ದೇ ದ್ರೋಹ, ಬಿಡದಿದ್ದುದೇ ನಿಷ್ಠೆ ಎಂಬ ಸುಲಭಸೂತ್ರವು ಈ ಇಬ್ಬರ ಮುಂದೆ ನಿಲ್ಲಲಾರದು. ಮಿಕ್ಕ ಪಾಪಗಳಿಗೆ ಪ್ರಾಯಶ್ಚಿತ್ತವುಂಟು, ಕೃತಘ್ನನಿಗೆ ಇಲ್ಲವೆಂದು ಕಿಷ್ಕಿಂಧೆಯಲ್ಲಿ ಲಕ್ಷ್ಮಣನು ಸುಗ್ರೀವನಿಗೆ ಹೇಳಿದ ಮಾತು ಕಠೋರವಾದುದು. ಅಷ್ಟು ಕಠೋರವಾದ ಶಿಕ್ಷೆಯಿರುವ ಅಪರಾಧಕ್ಕೆ ಲಕ್ಷಣವನ್ನು ಹೇಳುವಾಗ ಕೈ ಬಿಗಿಯಾಗಿರಬೇಕಾದುದು ನ್ಯಾಯ.

ಬಾರಕೂರಿನ ಭೂತಾಳಪಾಂಡ್ಯನ ಐತಿಹ್ಯದಲ್ಲಿಯೂ ಈ ಗಂಟಿದೆ. ಹಡಗುಗಳು ಕಡಲಿಗಿಳಿಯಲು ಕುಂಡೋದರನಿಗೆ ಒಬ್ಬ ಮಗನನ್ನು ಬಲಿಕೊಡಬೇಕಾಗಿ ಬಂದಾಗ ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲೊಲ್ಲದೆ ತವರಿಗೆ ಹೋದಳು. ತಂಗಿ ತನ್ನ ಮಗನನ್ನು ಒಪ್ಪಿಸಿದಳು. ಭೂತವು ಪ್ರಸನ್ನವಾಗಿ ಬಾಲಕನನ್ನು ಉಳಿಸಿತು, ಆಸ್ತಿಯು ಅಳಿಯನ ಪಾಲಾಯಿತು, ಅಳಿಯಕಟ್ಟು ಹುಟ್ಟಿತೆಂದು ಹೇಳುತ್ತಾರೆ. ಚರಿತ್ರೆಯ ದೃಷ್ಟಿಯಿಂದ ಈ ಕಥೆಗೆ ಬೆಲೆ ಅಲ್ಪ. ಆದರೆ ಗಂಡನಿಗೆ ತಪ್ಪಿದವಳೆಂದು ಕಥೆಯು ದೂರುವ ಆ ಹೆಂಗಸು ಏಳು ಮಕ್ಕಳಿಗೆ ತಪ್ಪಲಿಲ್ಲವೆಂಬುದನ್ನು ಕಥೆ ಕಟ್ಟಿದವರು ಲೆಕ್ಕಕ್ಕೆ ಹಿಡಿಯಲಿಲ್ಲ.

ದೊರೆತನವು ಈ ಶಬ್ದವನ್ನು ತನ್ನ ಕೋಠಿಗೆ ಒಯ್ದುದು ಇನ್ನೊಂದು ಅಧ್ಯಾಯ. 1870ರಲ್ಲಿ ಇಂಡಿಯನ್ ಪೀನಲ್ ಕೋಡಿಗೆ ಸೇರಿಸಿದ 124ಎ ಕಲಮು ಸರಕಾರದ ವಿಷಯದಲ್ಲಿ ಅಪ್ರೀತಿಯನ್ನು ಹುಟ್ಟಿಸುವುದನ್ನು ಅಪರಾಧವೆಂದು ಸಾರಿತು. ಕನ್ನಡ ಪತ್ರಿಕೆಗಳು ಅದನ್ನು ರಾಜದ್ರೋಹವೆಂದು ಕರೆದವು. ತಿಲಕರು 1897ರಲ್ಲಿಯೂ 1908ರಲ್ಲಿಯೂ, ಗಾಂಧಿಯವರು 1922ರಲ್ಲಿಯೂ ಅದರ ಮೇಲೆ ಸೆರೆಗೆ ಹೋದರು. ಪ್ರೀತಿಯನ್ನು ಕಾನೂನಿನಿಂದ ತಯಾರಿಸಲಾಗದೆಂದು ಗಾಂಧಿಯವರು ಅಹಮದಾಬಾದಿನ ನ್ಯಾಯಾಲಯದಲ್ಲಿ ನುಡಿದು ಅಪರಾಧವನ್ನು ಒಪ್ಪಿಕೊಂಡರು. ಎರಡು ಬಗೆಯದ ಮನುಷ್ಯನು ದ್ರೋಹವನ್ನು ಒಪ್ಪಿಕೊಂಡ ಆ ದಿನ ಶಬ್ದವು ತನ್ನ ಅರ್ಥವನ್ನೇ ಕಳೆದುಕೊಂಡು ನಿಂತಿರಬೇಕು. ಅದಾಗಿ ಎಂಟು ವರ್ಷಗಳಿಗೆ ಉಪ್ಪಿನ ಸರದಿ ಬಂದಿತು. ಮದರಾಸು ಆಧಿಪತ್ಯದಲ್ಲಿ 1805ರಿಂದ ಉಪ್ಪು ಸರಕಾರದ ಏಕಸ್ವಾಮ್ಯವಾಗಿತ್ತು. ಕಡಲು ಕೊಟ್ಟ ಉಪ್ಪಿಗೆ ಬೆಲೆ ಕಟ್ಟಿ ಮಾರಿ, ಉಪ್ಪುಂಡವರು ಋಣಿಗಳೆಂದು ಹೇಳಿದಂತಾಯಿತು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನರು ಕಾನೂನನ್ನು ಮುರಿದು ಉಪ್ಪು ಮಾಡಿದಾಗ ಗಾದೆಯೇ ಬುಡಮೇಲಾಯಿತು: ಉಪ್ಪಿಟ್ಟವರಾರು, ಉಂಡವರಾರು? 1947ರಲ್ಲಿ ಉಪ್ಪಿನ ಕರ ಹೋಯಿತು. ರಾಜದ್ರೋಹದ ಕಲಮಾದರೋ ರಾಜನು ಹೋದ ಮೇಲೂ ಬಹುಕಾಲ ಉಳಿದು, 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ತಡೆಹಿಡಿಯಲ್ಪಟ್ಟು, 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆಯು ಜಾರಿಗೆ ಬಂದಾಗ ಹಳೆಯ ಕೋಡಿನೊಡನೆ ತೆರಳಿ, ದೇಶದ ಸಾರ್ವಭೌಮತೆ ಮತ್ತು ಏಕತೆಗೆ ಅಪಾಯ ತರುವ ಕೃತ್ಯಗಳ 152ನೆಯ ಕಲಮಿಗೆ ಎಡೆಗೊಟ್ಟಿತು. ರಾಜದ್ರೋಹವೆಂಬುದರ ಸ್ಥಾನದಲ್ಲಿ ದೇಶದ್ರೋಹವೆಂಬ ಮಾತು ಈಗ ಬೀದಿಯಲ್ಲಿ ಬಹಳ ಅಗ್ಗವಾಗಿ ಸಿಗುತ್ತದೆ.

ಉಪ್ಪುಂದದಂತಹ ಊರುಗಳ ಮನೆಮನೆಗೂ ಈ ಶಬ್ದವು ನೇರವಾಗಿ ಬಂದು ತಟ್ಟಿದ್ದು ಭೂಸುಧಾರಣೆಯ ಕಾಲದಲ್ಲಿ. ಗೇಣಿಯ ಭೂಮಿಗಳೆಲ್ಲವೂ 1974ರ ಮಾರ್ಚ್ 1ರಿಂದ ಸರಕಾರಕ್ಕೆ ಸೇರತಕ್ಕುದೆಂದೂ, ಉಳುವ ಒಕ್ಕಲು 7ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟರೆ ಭೂನ್ಯಾಯಮಂಡಳಿಯು ಅವನಿಗೆ ಹಕ್ಕು ಕೊಡತಕ್ಕುದೆಂದೂ ಕಾನೂನಾಯಿತು. ಚಾಲಗೇಣಿ, ಮೂಲಗೇಣಿಗಳ ಮೇಲೆಯೇ ನಿಂತಿದ್ದ ಜಿಲ್ಲೆ ಇದು. "ಡಿಕ್ಲರೇಶನ್ ಹಾಕಿದ" ಎಂಬ ಮಾತು ಆ ದಿನಗಳಲ್ಲಿ ಒಡೆಯರ ಜಗಲಿಗಳಲ್ಲಿ ಯಾವ ದನಿಯಲ್ಲಿ ಕೇಳಿಸಿತೆಂಬುದನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಉಂಡ ಮನೆಗೆ ಎರಡು ಬಗೆದನೆಂದು ಒಡೆಯನು ನೊಂದು ನುಡಿದನು. ಯಾರು ಉಂಡದ್ದೆಂದು ಒಕ್ಕಲು ಕೇಳಬಹುದಿತ್ತು. ಮುಡಿ ಕಟ್ಟಿ ವರ್ಷವರ್ಷವೂ ಅಕ್ಕಿಯನ್ನು ಹೊತ್ತು ಆ ಮನೆಗೆ ಮುಟ್ಟಿಸಿದವನು ಅವನೇ. ದೀಪಾವಳಿಯ ದಿನ ಅಂಗಳದಲ್ಲಿ ಕುಳಿತು ಉಂಡದ್ದು ಆ ಅಕ್ಕಿಯ ಒಂದು ಹಿಡಿಯನ್ನಷ್ಟೇ. ಅರ್ಜಿಯನ್ನು ಅವನು ಕದ್ದು ಕೊಡಲಿಲ್ಲ, ಮಂಡಳಿಯ ಎದುರಿನಲ್ಲಿ ಒಡೆಯನ ಮುಖ ನೋಡಿಯೇ ಹೇಳಿಕೆ ಕೊಟ್ಟನು. ಆದರೆ ಎಲ್ಲ ಒಡೆಯರೂ ಉಪ್ಪರಿಗೆಯ ಮನೆಯವರಾಗಿರಲಿಲ್ಲ. ನಾಲ್ಕು ಮುಡಿ ಗೇಣಿ ಬರುವ ಒಂದು ತುಂಡು ಗದ್ದೆಯನ್ನೇ ನೆಚ್ಚಿಕೊಂಡು, ಒಕ್ಕಲಿನವನನ್ನು ಮಗನಂತೆ ಕರೆದು ಕಷ್ಟಸುಖ ಹೇಳಿಕೊಳ್ಳುತ್ತಿದ್ದ ವಿಧವೆಯರೂ ಇದ್ದರು. ಕಾನೂನಿಗೆ ಅವರೂ ಒಡೆಯರೇ.

ಅರ್ಜಿ ಕೊಡದೆ ಉಳಿದ ಒಕ್ಕಲುಗಳೂ ಅಲ್ಲಲ್ಲಿ ಇದ್ದರು. ಕೊನೆಯ ಅವಧಿ 1979ರ ಜೂನ್ 30ಕ್ಕೆ ತೀರಿತು. ಅನ್ನದ ಮನೆಗೆ ಹೇಗೆ ಎದುರು ನಿಲ್ಲುವುದೆಂಬ ಒಂದೇ ಅಳುಕಿನಿಂದ ಸುಮ್ಮನಿದ್ದವನ ನಿಷ್ಠೆಯನ್ನು ಊರು ಹೊಗಳಿತು. ಅವನ ಮಕ್ಕಳು ಬೆಳೆದು, ನೆರೆಮನೆಯವರ ಹೆಸರಿನಲ್ಲಿ ಪಹಣಿ ಇರುವುದನ್ನೂ ತಮ್ಮ ತಂದೆಯ ಹೆಸರಿನಲ್ಲಿ ಏನೂ ಇಲ್ಲದಿರುವುದನ್ನೂ ನೋಡಿ, ಹೋಟೆಲಿನ ಕೆಲಸಕ್ಕೆಂದು ಬೆಂಗಳೂರು ಮುಂಬಯಿಗಳ ಬಸ್ಸು ಹತ್ತುವಾಗ ಆ ತಂದೆಯು ಬಸ್ಸಿನ ಬಳಿಯವರೆಗೂ ಬಂದು, ಮಗನ ಕೈಗೆ ಉಪ್ಪಿನಕಾಯಿಯ ಭರಣಿಯನ್ನು ಕೊಟ್ಟು, ಏನನ್ನೂ ಹೇಳದೆ ಹಿಂತಿರುಗಿದನು.